ತಡವಾಗಿ ಬಂದವರ ಬರ್ಲಿನ್

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬರ್ಲಿನ್‌ಗೆ ಬಂದು ಏಳು ತಿಂಗಳಾಗಿದೆ, ಕೆಲಸಕ್ಕೆ ಕೊರತೆಯಿಲ್ಲ, ಮನೆ ಇನ್ನೂ ತಾತ್ಕಾಲಿಕ, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರೂ ಸಿಕ್ಕಿಲ್ಲ ಎಂದು ಬರೆದಿದ್ದೀರಿ. ಇಷ್ಟು ಎಲ್ಲರಿಗೂ ಆಗುವಂಥದ್ದೇ. ನನ್ನನ್ನು ಹಿಡಿದದ್ದು ನಿಮ್ಮ ಕಚೇರಿಯ ಊಟದ ಮೇಜಿನ ಸಂಗತಿ. ಐವತ್ತು ದಾಟಿದ ಇಬ್ಬರು ದಿನವೂ ಯಾವುದೋ ನೆಲಮಾಳಿಗೆಯ, ಯಂತ್ರಗಳಲ್ಲಿ ಹುಟ್ಟಿಸಿದ ಟೆಕ್ನೋ ಎಂಬ ಕುಣಿತದ ಸಂಗೀತದ ಯಾವುದೋ ರಾತ್ರಿಯ ಕಥೆ ತೆಗೆಯುತ್ತಾರೆ. ಕೊನೆಗೆ ನಿಮ್ಮ ಕಡೆ ತಿರುಗಿ "ಪಾಪ, ನೀನು ಮೂವತ್ತು ವರ್ಷ ತಡವಾಗಿ ಬಂದೆ" ಎನ್ನುತ್ತಾರೆ. ಆ ಕಥೆಗಳನ್ನು ನಂಬಿ ಒಂದು ಶನಿವಾರ ಕ್ಲಬ್ಬೊಂದರ ಮುಂದೆ ಎರಡು ಗಂಟೆ ಸಾಲಿನಲ್ಲಿ ನಿಂತಿರಿ. ಬಾಗಿಲಿನವನು ಇಲ್ಲ ಎಂದು ತಲೆಯಾಡಿಸಿದ, ಹಿಂತಿರುಗಿದಿರಿ. ಈ ಊರು ನನ್ನಂಥವನಿಗೆ ಮುಗಿದುಹೋಗಿದೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಬಂದದ್ದು 1993ರ ಅಕ್ಟೋಬರ್‌ನಲ್ಲಿ. ನನಗೂ ತಡವಾಗಿ ಬಂದೆ ಎಂದೇ ಹೇಳಿದ್ದರು.

ಕುಮಟಾದ ಹತ್ತಿರದ ಹಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಂದವನು ನಾನು. ಬಾಡಿಗೆ ಕಡಿಮೆಯೆಂದು ಪೂರ್ವ ಭಾಗದ ಪ್ರೆನ್ಸ್‌ಲಾವರ್ ಬೆರ್ಗ್‌ನಲ್ಲಿ ಕೋಣೆ ಹಿಡಿದೆ. ಈಗ ಅಲ್ಲಿ ಮನೆ ಮಾಡಲು ನಿಮ್ಮ ಸಂಬಳವೂ ಸಾಲದು. ಆಗ ಅದು ಮಸಿ ಹಿಡಿದ ಗೋಡೆಗಳ, ಮೆಟ್ಟಿಲ ನಡುವೆ ಎಲ್ಲರಿಗೂ ಸೇರಿ ಒಂದೇ ಶೌಚಾಲಯವಿದ್ದ ಕೇರಿ. ಕೋಣೆ ಬೆಚ್ಚಗಿರಬೇಕಾದರೆ ನೆಲಮಾಳಿಗೆಯಿಂದ ಕಂದು ಕಲ್ಲಿದ್ದಲಿನ ಇಟ್ಟಿಗೆಗಳನ್ನು ಹೊತ್ತು ತಂದು ಒಲೆಗೆ ಹಾಕಬೇಕು. ಚಳಿಗಾಲವಿಡೀ ಇಡೀ ಬೀದಿಗೆ ಆ ಹೊಗೆಯದೇ ವಾಸನೆ. ಸ್ವೆಟರಿನಲ್ಲಿ, ಪುಸ್ತಕದಲ್ಲಿ, ಅಮ್ಮ ಕಳಿಸಿದ ಸಾರಿನ ಪುಡಿಯಲ್ಲಿ ಕೂಡ.

1994ರ ಫೆಬ್ರುವರಿಯ ಒಂದು ರಾತ್ರಿ ಪಕ್ಕದ ಕೋಣೆಯವನು ನನ್ನನ್ನು ಟ್ರೆಸೋರ್‌ಗೆ ಕರೆದುಕೊಂಡು ಹೋದ. ಟ್ರೆಸೋರ್ ಎಂದರೆ ತಿಜೋರಿ. ಹೆಸರು ಅಲಂಕಾರಕ್ಕೆ ಇಟ್ಟದ್ದಲ್ಲ. ಯುದ್ಧಕ್ಕೆ ಮೊದಲು ಲೈಪ್‌ಜಿಗರ್ ಶ್ಟ್ರಾಸೆಯಲ್ಲಿ ವೆರ್ಟ್‌ಹೈಮ್ ಎಂಬ ಯಹೂದಿ ಕುಟುಂಬದ ಅರಮನೆಯಂಥ ಮಳಿಗೆಯಿತ್ತು. ನಾಜಿಗಳು ಅದನ್ನು ಆ ಕುಟುಂಬದ ಕೈಯಿಂದ ಕಿತ್ತುಕೊಂಡರು, ಬಾಂಬುಗಳು ಕಟ್ಟಡವನ್ನು ಸುಟ್ಟವು, ಉಳಿದ ಗೋಡೆಗಳನ್ನು ಪೂರ್ವ ಜರ್ಮನಿ ಕೆಡವಿಸಿತು. ನೆಲದಡಿಯ ತಿಜೋರಿ ಕೋಣೆಯೊಂದು ಮಾತ್ರ, ಊರನ್ನು ಪೂರ್ವ ಪಶ್ಚಿಮ ಎಂದು ಸೀಳಿದ್ದ ಬರ್ಲಿನ್ ಗೋಡೆಯ ಸಮೀಪದ ಪಾಳುನೆಲದ ಕೆಳಗೆ ಯಾರಿಗೂ ಬೇಡವಾಗಿ ಕತ್ತಲಲ್ಲಿ ಉಳಿದಿತ್ತು. 1989ರ ನವೆಂಬರ್ 9ರಂದು ಗೋಡೆ ತೆರೆಯಿತು. ಕುಣಿತದ ರಾತ್ರಿಗಳಿಗೆ ಜಾಗ ಹುಡುಕುತ್ತಿದ್ದ ಡಿಮಿಟ್ರಿ ಹೇಗೆಮಾನ್ ಮತ್ತು ಗೆಳೆಯರ ಕಣ್ಣಿಗೆ ಈ ಕೋಣೆ ಬಿತ್ತು. 1991ರ ಮಾರ್ಚ್‌ನಲ್ಲಿ ಅದು ಕ್ಲಬ್ಬಾಯಿತು.

ಕೆಳಗಿಳಿಯುವ ಮೆಟ್ಟಿಲು ಕಿರಿದು. ತಲೆಗೆ ತಾಗುವಂಥ ಮಾಡು, ಕಬ್ಬಿಣದ ಸರಳುಗಳು, ಸರಳುಗಳಾಚೆ ಗೋಡೆ ತುಂಬ ತುಕ್ಕು ಹಿಡಿದ ಸಣ್ಣ ಸಣ್ಣ ಪೆಟ್ಟಿಗೆಗಳು. ಯಾರೋ ಶ್ರೀಮಂತರು ಒಡವೆ ಪತ್ರಗಳನ್ನಿಟ್ಟು ಬೀಗ ಹಾಕಿಕೊಂಡು ಹೋಗಿದ್ದ ಆ ಪೆಟ್ಟಿಗೆಗಳ ಬಾಗಿಲುಗಳೆಲ್ಲ ಎಂದೋ ಕಿತ್ತುಹೋಗಿದ್ದವು. ಹೊಗೆ ಎಷ್ಟೆಂದರೆ ಚಾಚಿದ ನನ್ನ ಕೈ ನನಗೆ ಕಾಣಲಿಲ್ಲ. ಆಗಾಗ ಬಿಳಿ ಬೆಳಕು ಮಿಂಚಿ ನೂರು ಮುಖಗಳನ್ನು ತೋರಿಸಿ ಮುಚ್ಚಿಡುತ್ತಿತ್ತು. ಹಣೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು. ಹೆಂಚಿನ ಮನೆಯಲ್ಲಿ ಹುಟ್ಟಿದವನಿಗೆ ಮಾಡು ಸೋರುವುದು ಹೊಸತಲ್ಲ. ಹೊರಗೆ ಮಳೆ ಬಂದಿರಬೇಕು ಎಂದುಕೊಂಡೆ. ಮಳೆಯಲ್ಲ. ಕೆಳಗೆ ಕುಣಿಯುತ್ತಿದ್ದವರ ಬೆವರು ಆವಿಯಾಗಿ ಮೇಲೇರಿ, ತಣ್ಣನೆಯ ಕಾಂಕ್ರೀಟಿಗೆ ತಾಗಿ, ಮತ್ತೆ ಅವರ ಮೇಲೆಯೇ ಸುರಿಯುತ್ತಿತ್ತು. ವಿಷಯ ತಿಳಿದ ಮೇಲೆ ನನ್ನ ಮಡಿವಂತ ಹೊಟ್ಟೆ ತೊಳಸಿತು. ಆದರೂ ಬೆಳಗಿನ ನಾಲ್ಕರ ತನಕ ಅಲ್ಲೇ ಇದ್ದೆ.

ಹೊರಗೆ ಬಂದು ಕೋಟು ಹಾಕಿಕೊಳ್ಳುವಾಗ ಪಕ್ಕದಲ್ಲಿದ್ದ ಹುಡುಗಿ ನಾನು ಹೊಸಬನೆಂದು ಗುರುತಿಸಿ ಹೇಳಿದಳು: "ಈಗ ಏನೂ ಉಳಿದಿಲ್ಲ. ನೀನು 91ರಲ್ಲಿ ಬರಬೇಕಿತ್ತು."

ಲೆಕ್ಕ ಹಾಕಿ ನೋಡಿ, ಮೂರು ವರ್ಷ ಕೂಡ ಆಗಿರಲಿಲ್ಲ! ಹೇಗೆಮಾನ್ ಅವರ ಹಳೆಯ ಗೆಳೆಯರ ಬಳಗವನ್ನು ಕೇಳಿದ್ದರೆ 91 ಕೂಡ ತಡವೇ. ಗೋಡೆ ಬೀಳುವ ಮೊದಲೇ ಪಶ್ಚಿಮ ಬರ್ಲಿನ್‌ನಲ್ಲಿ ಯೂಫೋ ಎಂಬ ಪುಟ್ಟ ನೆಲಮಾಳಿಗೆಯಲ್ಲಿ ಅವರು ಕುಣಿದಾಗಿತ್ತು. ಇನ್ನು ಡೆಟ್ರಾಯಿಟ್‌ನವರನ್ನು ಕೇಳಿದರೆ ಬರ್ಲಿನ್ ಎಂಬುದೇ ತಡ. ಕಾರು ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದ ಆ ಅಮೆರಿಕದ ಊರಿನ ಕಪ್ಪು ಯುವಕರು, ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್, ಎಂಬತ್ತರ ದಶಕದಲ್ಲೇ ಈ ಸಂಗೀತಕ್ಕೆ ರೂಪ ಕೊಟ್ಟಿದ್ದರು. ಟ್ರೆಸೋರ್ ತನ್ನದೇ ಧ್ವನಿಮುದ್ರಿಕೆಗಳನ್ನು ಹೊರತರಲು ಹೊರಟಾಗ ಮೊದಲನೆಯದಕ್ಕೆ ಕರೆಸಿಕೊಂಡದ್ದೂ ಡೆಟ್ರಾಯಿಟ್‌ನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡವನ್ನು. ಅವರಾದರೂ ಚಿಕ್ಕವರಿದ್ದಾಗ ರೇಡಿಯೋದಲ್ಲಿ ಕೇಳಿ ಮರುಳಾದದ್ದು ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡಕ್ಕೆ. ಮೊದಲು ಬಂದವರು ಯಾರೆಂದು ಹುಡುಕುತ್ತ ಹೋದರೆ ತಿರುಗಿ ತಿರುಗಿ ಇಲ್ಲಿಗೇ ಬರುತ್ತೀರಿ.

ಈ ಸಾಲಿನಲ್ಲಿ ನಮ್ಮ ಕಡೆಯವರೂ ಒಬ್ಬರಿದ್ದಾರೆ. ಜಪಾನಿನ ರೋಲಂಡ್ ಕಂಪನಿ ಎಂಬತ್ತರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಮಾಡಿತು. ಒಂಟಿಯಾಗಿ ಗಿಟಾರ್ ಅಭ್ಯಾಸ ಮಾಡುವವರಿಗೆ ಜೊತೆಯಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸಲಿ ಎಂಬುದು ಅದರ ಉದ್ದೇಶ. ನಿಜವಾದ ಬೇಸ್‌ನಂತೆ ಅದು ಕೇಳಿಸಲೇ ಇಲ್ಲ. ಕಪ್ಪೆ ಗಂಟಲು ಸರಿಮಾಡಿಕೊಂಡಂತಿತ್ತು. ಮಾರಾಟವಾಗದೆ ಕಂಪನಿ ಅದನ್ನು ನಿಲ್ಲಿಸಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಪೆಟ್ಟಿಗೆಯ ಗುಂಡಿಗಳನ್ನು ಷಿಕಾಗೋದ ಹುಡುಗರು ಅಡ್ಡಾದಿಡ್ಡಿ ತಿರುಗಿಸಿದಾಗ ಹುಟ್ಟಿದ್ದು ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ. ಅದರ ಮೊದಲ ಧ್ವನಿಮುದ್ರಿಕೆ 1987ರದು ಎಂದು ಇಲ್ಲಿನವರು ಹೇಳುತ್ತಾರೆ. ಆದರೆ 1982ರಲ್ಲೇ ಮುಂಬೈನಲ್ಲಿ, ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅದೇ ಪೆಟ್ಟಿಗೆ ಮತ್ತು ಟಿಆರ್-808 ತಾಳಯಂತ್ರ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿದ್ದರು. ಆಗ ಕೇಳಿದವರಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯೂರೋಪಿನವರು ಬಾಯಿಯ ಮೇಲೆ ಬೆರಳಿಟ್ಟರು. ಎಪ್ಪತ್ತು ದಾಟಿದ ಆ ಮನುಷ್ಯ ಇಲ್ಲಿನ ವೇದಿಕೆಗಳಲ್ಲಿ ನುಡಿಸಿಯೂ ಹೋದರು. ನಾಳೆ ಊಟದ ಮೇಜಿನಲ್ಲಿ ಆ ಇಬ್ಬರು ಮಾತು ತೆಗೆದಾಗ ಇದನ್ನು ಮೆಲ್ಲನೆ ತೇಲಿಬಿಡಿ. ಜಂಬಕ್ಕಲ್ಲ. ಅವರಿಗೆ ಈ ಕಥೆ ನಿಜಕ್ಕೂ ಹಿಡಿಸುತ್ತದೆ.

ಇನ್ನೂ ಒಂದು ಕೆಲಸ ಮಾಡಿ. ಅವರಲ್ಲಿ ಪೂರ್ವದವರು ಯಾರು, ಪಶ್ಚಿಮದವರು ಯಾರು ಎಂದು ತಿಳಿದುಕೊಳ್ಳಿ.

ನನ್ನ ಸಹೋದ್ಯೋಗಿಯೊಬ್ಬ ಪೂರ್ವದ ಮಾರ್ತ್ಸಾನ್ ಬಡಾವಣೆಯಲ್ಲಿ ಬೆಳೆದವನು. ಗೋಡೆ ಬಿದ್ದಾಗ ಹತ್ತೊಂಬತ್ತು ವರ್ಷ. 1990ರ ಜುಲೈ 1ರಂದು ಅವನ ಜೇಬಿನ ದುಡ್ಡು ಚಲಾವಣೆ ಕಳೆದುಕೊಂಡಿತು, ಅಕ್ಟೋಬರ್ 3ರಂದು ಅವನ ದೇಶವೇ ಇಲ್ಲವಾಯಿತು. ಅಪ್ಪನ ಕಾರ್ಖಾನೆ ಮುಚ್ಚಿತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಬೆಳಗಾಗುವುದರೊಳಗೆ ಕೆಲಸಕ್ಕೆ ಬಾರದ್ದಾಯಿತು. ಹುಟ್ಟಿದ ಮನೆಯ ಹೊಸ್ತಿಲು ದಾಟದೆಯೇ ಪರದೇಶಿಯಾದವನು ಅವನು. ಆ ಹೊತ್ತಿನಲ್ಲಿ ಅವನಿಗೆ ಸಿಕ್ಕದ್ದು ಪೂರ್ವದ ಖಾಲಿ ಕಟ್ಟಡಗಳು. ಯಾವುದರ ಒಡೆಯ ಯಾರೆಂದು ಹೇಳುವವರಿಲ್ಲ: ನಾಜಿಗಳು ಕಿತ್ತುಕೊಂಡದ್ದು, ಆಮೇಲೆ ಸಮಾಜವಾದಿ ಸರ್ಕಾರ ವಶಪಡಿಸಿಕೊಂಡದ್ದು, ಈಗ ಮೂಲ ವಾರಸುದಾರರು ನ್ಯಾಯಾಲಯದಲ್ಲಿ. ಹಳೆಯ ಪೊಲೀಸರಿಗೆ ಅಧಿಕಾರವಿಲ್ಲ, ಹೊಸಬರಿಗೆ ಬೀದಿಗಳ ಪರಿಚಯವಿಲ್ಲ. ಪಶ್ಚಿಮ ಬರ್ಲಿನ್‌ನಲ್ಲಿ ರಾತ್ರಿ ಇಂತಿಷ್ಟು ಹೊತ್ತಿಗೆ ಬಾಗಿಲು ಹಾಕಬೇಕೆಂಬ ನಿಯಮವನ್ನು 1949ರಲ್ಲೇ ತೆಗೆದುಹಾಕಿದ್ದರು, ಅದೂ ಕೂಡಿಬಂತು. ರಾತ್ರಿ ಬೇಗ ದೀಪ ಆರಿಸಿ ಎಬ್ಬಿಸುತ್ತಿದ್ದ ಆಗಿನ ಬೆಂಗಳೂರಿನಿಂದ ಬಂದವನಿಗೆ ಇದನ್ನು ನಂಬುವುದಕ್ಕೇ ತಿಂಗಳುಗಳು ಬೇಕಾದವು. ವಿದ್ಯುತ್ ಉಪಕೇಂದ್ರವೊಂದು ಎ-ವೆರ್ಕ್ ಎಂಬ ಕ್ಲಬ್ಬಾಯಿತು. ಯುದ್ಧಕಾಲದಲ್ಲಿ ಬಾಂಬಿನಿಂದ ರಕ್ಷಣೆಗೆಂದು ಕಟ್ಟಿ, ಪೂರ್ವ ಜರ್ಮನಿಯ ಕಾಲಕ್ಕೆ ಬಾಳೆಹಣ್ಣಿನ ಗೋದಾಮಾಗಿದ್ದ ರೈನ್‌ಹಾರ್ಟ್ ಶ್ಟ್ರಾಸೆಯ ಬಂಕರ್ 1992ರಿಂದ ಊರಿನಲ್ಲೇ ಅತಿ ಗಡುಸು ಸಂಗೀತದ ತಾಣವಾಯಿತು. ಈಗ ಅದರೊಳಗೆ ಖಾಸಗಿ ಕಲಾಸಂಗ್ರಹವಿದೆ. ಹೋಗಿ ನೋಡಿ, ಚಿತ್ರಗಳಿಗಿಂತ ಗೋಡೆಗಳ ದಪ್ಪ ನೋಡುವುದಕ್ಕೆ.

ನಾಲ್ಕು ವರ್ಷದ ಹಿಂದೆ ಅವನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವನು ಕಪಾಟಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆದ. ತುಂಬ ಕರಪತ್ರಗಳು, ಹೆಚ್ಚಿನವು ಇಸ್ಪೀಟೆಲೆಯ ಅಳತೆಯವು. ಕೆಲವಕ್ಕೆ ವಿಳಾಸವೇ ಇಲ್ಲ, ಒಂದು ದೂರವಾಣಿ ಸಂಖ್ಯೆ ಮಾತ್ರ. ಒಂದೊಂದಾಗಿ ಮೇಜಿನ ಮೇಲಿಡುತ್ತ ಊರು, ಬೀದಿ, ಆ ರಾತ್ರಿ ನುಡಿಸಿದವರ ಹೆಸರು ಹೇಳುತ್ತ ಹೋದ. ಕೇಸರಿ ಬಣ್ಣದ್ದೊಂದು ಬಂದಾಗ ಮಾತು ನಿಂತಿತು. ಅದನ್ನು ಮಗುಚಿದ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಹಾಲು, ಬ್ಯಾಟರಿ, ಕಲ್ಲಿದ್ದಲು, ಅಮ್ಮನಿಗೆ ಫೋನ್. ಅಕ್ಷರ ಅವನದಲ್ಲ. ಯಾರದೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಡಬ್ಬಿ ಮುಚ್ಚಿ ಇನ್ನೊಂದು ಲೋಟ ಚಹಾ ಬಗ್ಗಿಸಿದ. ನಮ್ಮ ಗೆಳೆತನ ಗಟ್ಟಿಯಾದದ್ದು ಅಂದೇ. ಅಲ್ಲಿಯವರೆಗೆ ಅವನು ಸಂಗೀತದ ಬಗ್ಗೆ ಮಾತನಾಡುತ್ತಿದ್ದಾನೆ ಎಂದು ನಾನು ತಿಳಿದಿದ್ದೆ.

ಹಾಗೆಂದು ಅವರು ಹೇಳಿದ್ದನ್ನೆಲ್ಲ ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ಆ ಚಿನ್ನದ ಕಾಲದಲ್ಲಿ ನನ್ನಂಥ ಕಪ್ಪು ಚರ್ಮದವನು ರಾತ್ರಿ ಪೂರ್ವದ ಕಡೆಗೆ ಹೋಗುವ ಎಸ್-ಬಾನ್ ರೈಲು ಹತ್ತುವಾಗ ಮೊದಲು ಬೋಗಿಯೊಳಗೆ ಬೋಳುತಲೆಯ ನವನಾಜಿಗಳ ಗುಂಪೇನಾದರೂ ಇದೆಯೇ ಎಂದು ಇಣುಕುತ್ತಿದ್ದ. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್‌ನಲ್ಲಿ ವಲಸಿಗರ ವಸತಿಗೆ ಬೆಂಕಿಯಿಟ್ಟಾಗ ನೆರೆಹೊರೆಯವರು ನಿಂತು ಚಪ್ಪಾಳೆ ತಟ್ಟಿದ್ದರು. ಮರುವರ್ಷ ಮೇ ತಿಂಗಳಲ್ಲಿ ಜೋಲಿಂಗನ್‌ನಲ್ಲಿ ಒಂದೇ ಟರ್ಕಿ ಕುಟುಂಬದ ಐವರು ಸುಟ್ಟು ಸತ್ತರು. ನಾನು ವಿಮಾನ ಹತ್ತುವುದಕ್ಕೆ ಐದು ತಿಂಗಳ ಮೊದಲು. ತಿಜೋರಿಯೊಳಗೆ ಎಲ್ಲರೂ ಒಂದೇ ಎಂದು ಕುಣಿದದ್ದು ನಿಜ, ನಾನೂ ಕುಣಿದೆ. ಅಲ್ಲಿಂದ ಮನೆ ಸೇರುವ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಡಬ್ಬಿಯೊಳಗಿನ ಕರಪತ್ರಗಳಲ್ಲಿ ಆ ದಾರಿಯ ವಿಷಯ ಅಚ್ಚಾಗಿಲ್ಲ. ಮಾತ್ರೆಗಳ ವಿಷಯವೂ ಅಷ್ಟೇ. ನಗುನಗುತ್ತ ಹೇಳುವ ಕಥೆಗಳಲ್ಲಿ ಅರ್ಧ ರಾತ್ರಿ ಎಕ್ಸ್‌ಟಸಿ ಎಂಬ ಅಮಲಿನ ಮಾತ್ರೆಯದು. ಅದನ್ನು ನುಂಗುತ್ತ ನುಂಗುತ್ತ ತರಗತಿಗೆ ಬರುವುದನ್ನೇ ಬಿಟ್ಟವನೊಬ್ಬನನ್ನು ನಾನು ಬಲ್ಲೆ. ನಿಮಗೆ ಕೊಡಲು ಬಂದರೆ ಬೇಡ ಎನ್ನಿ. ಇಲ್ಲಿ ಯಾರೂ ಒತ್ತಾಯಿಸುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ.

ಆದರೂ ನನ್ನನ್ನು ಹಿಡಿದಿಟ್ಟದ್ದು ಏನು? ಆ ಸಂಗೀತದಲ್ಲಿ ಮಾತಿಲ್ಲ, ಅದೇ ಕಾರಣ. ಹಗಲೆಲ್ಲ ಡೆರ್, ಡೀ, ಡಾಸ್ ಎಂಬ ಮೂರು ಲಿಂಗಗಳಲ್ಲಿ ಮೇಜು ಯಾವುದು ಕುರ್ಚಿ ಯಾವುದು ಎಂದು ತಡವರಿಸಿ, ಬ್ರೆಡ್ಡಿನ ಅಂಗಡಿಯಲ್ಲಿ ನಗೆಪಾಟಲಾಗಿ ಬಂದವನಿಗೆ, ವ್ಯಾಕರಣವೇ ಬೇಡದ ಆರು ಗಂಟೆ ಎಂದರೆ ಏನೆಂದು ನಿಮಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಅದರ ಮೇಲೆ ನಾನು ಯಕ್ಷಗಾನದ ಸೀಮೆಯವನು. ರಾತ್ರಿಯಿಡೀ ಒಂದೇ ಕಡೆ ಕೂತು, ನಡುವೆ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿ, ಬೆಳಗಿನ ಜಾವ ಚಂಡೆಯ ಪೆಟ್ಟಿಗೆ ಬೆಚ್ಚಿ ಎದ್ದು ರಾಕ್ಷಸನನ್ನು ನೋಡಿದವನಿಗೆ, ರಾತ್ರಿಯನ್ನು ಆ ತುದಿಯವರೆಗೆ ಬಳಸುವುದು ಅಸಹಜವೆನಿಸಲಿಲ್ಲ. ಟೆಕ್ನೋ ಯಕ್ಷಗಾನದಂತೆ ಎಂದು ಹೇಳುತ್ತಿಲ್ಲ, ಹಾಗೆ ಹೇಳಿದರೆ ಊರಿನಲ್ಲಿ ನನಗೆ ಪ್ರವೇಶವಿರದು. ಎದೆಗೂಡಿಗೆ ಪೆಟ್ಟು ಬೀಳುವ ಜಾಗ ಮಾತ್ರ ಒಂದೇ.

ಹೋದ ವರ್ಷ ಊರಿಗೆ ಹೋದಾಗ ಎಂಬತ್ತು ದಾಟಿದ ದೊಡ್ಡಪ್ಪ ಜಗಲಿಯಲ್ಲಿ ಕೂತು ಹೇಳಿದರು: "ಆಟ ಎಂಬುದು ಕಾಳಿಂಗ ನಾವಡರೊಂದಿಗೇ ಹೋಯಿತು. ಈಗಿನದು ಕಾಲಮಿತಿ, ಮೂರು ಗಂಟೆಗೆ ಮಂಗಳ." ಯಕ್ಷಗಾನದ ಹೆಸರಾಂತ ಭಾಗವತರಾದ ನಾವಡರು ಹೋದದ್ದು 1990ರಲ್ಲಿ. ನಾನು ಎಲೆಯಡಿಕೆ ತಟ್ಟೆ ಮುಂದೆ ಸರಿಸುತ್ತ ಮನಸ್ಸಿನಲ್ಲೇ ಕೋಟಿನ ಹುಡುಗಿಯನ್ನು ನೆನೆದೆ. ಬರ್ಲಿನ್‌ನ ನಮ್ಮ ಕನ್ನಡ ಕೂಟಗಳಲ್ಲೂ ಇದೇ ರಾಗ. ಯುಗಾದಿಯ ಊಟ ಮುಗಿದ ಮೇಲೆ ಹಿರಿಯರು ಸುತ್ತ ಕೂರುತ್ತಾರೆ: ನಾವು ಬಂದಾಗ ತೊಗರಿಬೇಳೆ ಸಿಗುತ್ತಿರಲಿಲ್ಲ, ಮೂರು ನಿಮಿಷ ಊರಿಗೆ ಫೋನ್ ಮಾಡಿದರೆ ಮರುದಿನದ ಊಟಕ್ಕೆ ದುಡ್ಡಿರುತ್ತಿರಲಿಲ್ಲ, ನೀವೆಲ್ಲ ಪುಣ್ಯವಂತರು. ಕಷ್ಟವನ್ನು ಮೊದಲು ಪಟ್ಟವನಿಗೆ ಮೊದಲ ಮಣೆ. ನಾನೂ ಆ ಮಣೆಯ ಮೇಲೆ ಕೂತು ಕಲ್ಲಿದ್ದಲಿನ ಕಥೆ ಹೇಳುತ್ತೇನೆ. ಈ ಪತ್ರದಲ್ಲೂ ಹೇಳಿಬಿಟ್ಟೆ, ನೋಡಿ.

ಆಮೇಲೆ ಏನಾಯಿತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 1989ರ ಜುಲೈ 1ರಂದು, ಗೋಡೆ ಇನ್ನೂ ನಿಂತಿದ್ದಾಗಲೇ, ಡಾಕ್ಟರ್ ಮೋಟೆ ಎಂಬ ಡಿಜೆ ಸುಮಾರು 150 ಮಂದಿಯನ್ನು ಕಟ್ಟಿಕೊಂಡು ಕುಡಾಮ್ ರಸ್ತೆಯಲ್ಲಿ ಲವ್ ಪರೇಡ್ ಎಂಬ ಮೆರವಣಿಗೆ ಹೊರಡಿಸಿದ್ದರು. ಕಾಗದದ ಮೇಲೆ ಅದು ರಾಜಕೀಯ ಪ್ರದರ್ಶನ. ಹತ್ತು ವರ್ಷದಲ್ಲಿ ಹದಿನೈದು ಲಕ್ಷ ಜನ ಎನ್ನುವ ಲೆಕ್ಕ ಬಂತು; 1996ರಲ್ಲಿ ನಾನೂ ಹೋಗಿ, ಬಿಯರ್ ಜಾಹೀರಾತಿನ ಲಾರಿಗಳ ನಡುವೆ ನಲುಗಿ, ಚಪ್ಪಲಿ ಕಳೆದುಕೊಂಡು ಬಂದೆ. 2001ರಲ್ಲಿ ಇದು ಪ್ರದರ್ಶನವಲ್ಲ, ಮೋಜು ಎಂದು ನ್ಯಾಯಾಲಯ ಹೇಳಿತು. ಬರ್ಲಿನ್ ಬಿಟ್ಟು ಬೇರೆ ಊರುಗಳಿಗೆ ಹೋದ ಅದು 2010ರಲ್ಲಿ ಡುಯಿಸ್‌ಬುರ್ಗ್‌ನ ಸುರಂಗದಾರಿಯ ನೂಕುನುಗ್ಗಲಿನಲ್ಲಿ 21 ಜನರನ್ನು ಬಲಿ ತೆಗೆದುಕೊಂಡು ನಿಂತುಹೋಯಿತು. ತಿಜೋರಿಯ ಕ್ಲಬ್ 2005ರ ಏಪ್ರಿಲ್‌ನಲ್ಲಿ ಮುಚ್ಚಿತು, ಜಾಗ ಮಾರಾಟವಾಗಿತ್ತು. ವೆರ್ಟ್‌ಹೈಮ್ ಇದ್ದ ನೆಲದಲ್ಲಿ ಈಗ ದೊಡ್ಡ ಮಾಲ್ ಇದೆ. ನೀವು ಚಳಿಗಾಲದ ಜಾಕೆಟ್ ಕೊಂಡದ್ದು ಅಲ್ಲೇ ಇರಬೇಕು. ಟ್ರೆಸೋರ್ 2007ರಲ್ಲಿ ಕ್ಯೋಪೆನಿಕರ್ ಶ್ಟ್ರಾಸೆಯ ಹಳೆಯ ವಿದ್ಯುತ್ ಸ್ಥಾವರದಲ್ಲಿ ಮತ್ತೆ ತೆರೆಯಿತು. 2024ರಲ್ಲಿ ಬರ್ಲಿನ್‌ನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. ಅದೇ ವರ್ಷದ ಕೊನೆಯ ರಾತ್ರಿ ವಾಟರ್‌ಗೇಟ್ ಎಂಬ ಹೆಸರಾಂತ ಕ್ಲಬ್ ಬಾಗಿಲು ಹಾಕಿತು. ಪಟ್ಟಿಗೆ ಸೇರುವುದೂ ಬಾಡಿಗೆ ಕಟ್ಟುವುದೂ ಬೇರೆ ಬೇರೆ.

ಇನ್ನು ಬಾಗಿಲಿನ ವಿಷಯ. ಆರು ಜನರ ಗುಂಪು, ಇಸ್ತ್ರಿ ಮಾಡಿದ ಕಚೇರಿಯ ಅಂಗಿ, ಸಾಲಿನಲ್ಲಿ ಫೋಟೊ ತೆಗೆಯುವುದು: ಇಷ್ಟಿದ್ದರೆ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿದ್ದರೂ ಒಳಗೆ ಬಿಡುತ್ತಿರಲಿಲ್ಲ. ಒಬ್ಬರೋ ಇಬ್ಬರೋ ಹೋಗಿ, ಆ ರಾತ್ರಿ ನುಡಿಸುವವರು ಯಾರೆಂದು ತಿಳಿದಿರಲಿ, ಫೋನಿನ ಕ್ಯಾಮೆರಾಕ್ಕೆ ಅವರು ಅಂಟಿಸುವ ಚೀಟಿಯನ್ನು ಕೀಳಬೇಡಿ. ಚರ್ಮದ ಬಣ್ಣ ನೋಡಿ ತಿರುಗಿಸಿ ಕಳಿಸುವುದು ಎಲ್ಲೂ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಹೆಚ್ಚಿನ ಸಲ ಅದಲ್ಲ ಎಂದಷ್ಟೇ ಹೇಳಬಲ್ಲೆ. ನನ್ನನ್ನು ಮೂರು ಸಲ ತಿರುಗಿಸಿದ್ದಾರೆ. ಕಾರಣ ಇಂದಿಗೂ ತಿಳಿದಿಲ್ಲ. ನಾನು ಕೊಟ್ಬುಸರ್ ತೋರ್ ಚೌಕಕ್ಕೆ ಹೋಗಿ ಬಿಸಿ ಫಲಾಫಲ್ ತಿಂದು ಮಲಗಿದೆ.

ಸ್ನೇಹಿತರು ಬೇಕೆಂದರೆ ಶನಿವಾರದ ಸಾಲು ಅದಕ್ಕೆ ಜಾಗವಲ್ಲ. ಭಾನುವಾರ ನಿಮಗೆ ಭಾರವಾಗಿದೆ ಎಂದು ಬರೆದಿದ್ದೀರಿ: ಅಂಗಡಿಯಿಲ್ಲ, ಬಟ್ಟೆ ಒಗೆಯುವ ಯಂತ್ರ ಹಾಕಿದರೆ ಕೆಳಮನೆಯಜ್ಜಿ ಬಾಗಿಲು ತಟ್ಟುತ್ತಾರೆ. ಮೇಲೆ ಹೇಳಿದ ಡಬ್ಬಿಯ ಗೆಳೆಯ ಮತ್ತು ಅವನ ವಯಸ್ಸಿನ ಇಪ್ಪತ್ತು ಮೂವತ್ತು ಜನ ಬೇಸಿಗೆಯ ಭಾನುವಾರಗಳಲ್ಲಿ ಶ್ಪ್ರೇ ನದಿಯ ದಂಡೆಯ ಒಂದು ಅಂಗಳದಲ್ಲಿ ಸೇರುತ್ತಾರೆ. ಬಾಗಿಲಿನವರಿಲ್ಲ, ಸಾಲೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಶುರು, ಎಂಟಕ್ಕೆ ಮಂಗಳ. ನಮ್ಮದೂ ಈಗ ಕಾಲಮಿತಿ. ಬಿಳಿಕೂದಲು, ಮಂಡಿಗೆ ಪಟ್ಟಿ, ಒಂದಿಬ್ಬರ ಮೊಮ್ಮಕ್ಕಳು, ಮನೆಯಲ್ಲಿ ಮಾಡಿದ ಪ್ಲಮ್ ಕೇಕ್. ತಡವಾಗಿ ಬಂದೆ ಎಂದು ನಿಮಗೆ ಅಲ್ಲಿಯೂ ಯಾರಾದರೂ ಹೇಳುತ್ತಾರೆ, ಬಹುಶಃ ನಾನೇ. ಮುಂದಿನ ಭಾನುವಾರ ಮೂರಕ್ಕೆ ಓಸ್ಟ್‌ಬಾನ್‌ಹೋಫ್ ನಿಲ್ದಾಣದ ಹೂವಿನಂಗಡಿಯ ಮುಂದೆ ನಿಂತಿರುತ್ತೇನೆ. ಹಳೆಯ ಶೂ ಹಾಕಿಕೊಂಡು ಬನ್ನಿ. ಕಿವಿಗೆ ಹತ್ತಿ ನಾನು ತರುತ್ತೇನೆ.